ಫಿಲ್ಮಿನಲ್ಲಿ ಹರಿದ ಹೊಳೆ

ನಾನು ಇಪ್ಪತ್ತೆರಡು ವರ್ಷ ವಿಮಾನದ ಕ್ಯಾಮೆರಾಗಳ ಜೊತೆ ಕೆಲಸ ಮಾಡಿದವನು ಎಂದು ಗೊತ್ತಾದ ಕೂಡಲೇ ಎದುರಿದ್ದವರ ಕಣ್ಣು ಅಗಲವಾಗುತ್ತದೆ. ಮುಂದಿನ ಪ್ರಶ್ನೆ ನನಗೆ ಬಾಯಿಪಾಠ. "ಹಾಗಾದರೆ ನೀವು ಎಷ್ಟು ಸಲ ಹಾರಿದ್ದೀರಿ?" ಒಂದು ಸಲ. ಅರ್ಧ ಗಂಟೆ. ಅದರಲ್ಲಿ ಇಪ್ಪತ್ತು ನಿಮಿಷ ಕಾಗದದ ಚೀಲದೊಳಗೆ ಮುಖ ಇಟ್ಟುಕೊಂಡಿದ್ದೆ. ಉಳಿದ ಇಪ್ಪತ್ತೆರಡು ವರ್ಷ ನೆಲದ ಮೇಲೆ, ಬಾಗಿಲು ಮುಚ್ಚಿದ ಕತ್ತಲೆ ಕೋಣೆಯಲ್ಲಿ, ಮೊಣಕೈವರೆಗೆ ಫಿಲ್ಮ್ ತೊಳೆಯುವ ಹೈಪೋ ನೀರಿನಲ್ಲಿ ಕೈ ಮುಳುಗಿಸಿ ನಿಂತಿದ್ದೆ. ಆಕಾಶದಿಂದ ಭೂಮಿ ಹೇಗೆ ಕಾಣುತ್ತದೆ ಎಂದು ಕೇಳಿದರೆ ಹೇಳಬಲ್ಲೆ: ಒದ್ದೆಯಾಗಿ, ತಲೆಕೆಳಗಾಗಿ, ಕಪ್ಪು ಇರುವಲ್ಲಿ ಬಿಳಿಯಾಗಿ ಕಾಣುತ್ತದೆ.

ಈಗ ನಮ್ಮ ಕುಂಜತ್ತೂರಿನ ಸುತ್ತಮುತ್ತಲಿನ ಒಂದಿಬ್ಬರು ಯುವಕ ಯುವತಿಯರು ನಕ್ಷೆ ಮಾಡುವ ಕೆಲಸಕ್ಕೆ ಸೇರಿದ್ದಾರಂತೆ. ಅವರಿಗೆ ಉಪಗ್ರಹ ಉಂಟು, ಕಂಪ್ಯೂಟರ್ ಉಂಟು. ನನ್ನ ಹತ್ತಿರ ಇರುವುದು ನಾನು ಮಾಡಿದ ತಪ್ಪುಗಳು ಮಾತ್ರ. ಅವನ್ನೇ ಕೊಡುತ್ತೇನೆ. ಬಡ್ತಿಯ ಕಥೆ ಬೇಕಾದವರು ನನ್ನ ಮೇಲಧಿಕಾರಿಗಳನ್ನು ಕೇಳಲಿ. ಆ ಕೆಲಸವನ್ನು ಅವರು ಬಹಳ ನಿಷ್ಠೆಯಿಂದ ಮಾಡುತ್ತಿದ್ದರು.

ಸೈನ್ಯಕ್ಕೆ ಸೇರುವ ಮೊದಲು ನಾನು ಕಾಸರಗೋಡಿನ ಒಂದು ಸ್ಟುಡಿಯೋದಲ್ಲಿ ಸಹಾಯಕನಾಗಿದ್ದೆ. ಗಾಜಿನ ಪ್ಲೇಟಿನ ಕಾಲ. ಆಗ ಫೋಟೊ ತೆಗೆಸಿಕೊಳ್ಳುವವರು ಎರಡೇ ಬಗೆ: ಮದುವೆಯಾದವರು ಮತ್ತು ಸತ್ತವರು. ಸತ್ತವರನ್ನು ಕುರ್ಚಿಯಲ್ಲಿ ಕೂರಿಸಿ, ಸುತ್ತಲೂ ಮನೆಯವರನ್ನು ನಿಲ್ಲಿಸಿ ತೆಗೆಯುವುದು. ನಮ್ಮ ಯಜಮಾನರಿಗೆ ಹೆಣ ಎಂದರೆ ಹೆದರಿಕೆ, ಹಾಗಾಗಿ ಆ ಮನೆಗಳಿಗೆಲ್ಲ ನಾನೇ ಹೋಗುತ್ತಿದ್ದೆ. ನಿಜ ಹೇಳಬೇಕಾದರೆ ಅದು ಸುಲಭದ ಕೆಲಸ. ಬದುಕಿದವರು ಕೆಮ್ಮುತ್ತಾರೆ, ಕಣ್ಣು ಮಿಟುಕಿಸುತ್ತಾರೆ, ನೊಣ ಓಡಿಸುತ್ತಾರೆ. ಫೋಟೊದಲ್ಲಿ ಮಸುಕಾಗದೆ ಬರುತ್ತಿದ್ದವರು ಹೋದವರೊಬ್ಬರೇ.

ಎರಡನೇ ಮಹಾಯುದ್ಧ ಬಂತು. ಫಿಲ್ಮ್ ತೊಳೆಯಲು ಗೊತ್ತಿರುವವರು ಬೇಕು ಎಂದು ಮಂಗಳೂರಿನಲ್ಲಿ ಸಂದರ್ಶನ ಆಯಿತು. ನಾನು ಅಲ್ಲಿಯವರೆಗೆ ಫಿಲ್ಮ್ ಎಂಬುದನ್ನು ಮುಟ್ಟಿಯೇ ಇರಲಿಲ್ಲ. ಮೇಜಿನ ಹಿಂದೆ ಕುಳಿತಿದ್ದ ದೊರೆ ಕೇಳಿದ, "ನೀನು ತೆಗೆದ ಫೋಟೊಗಳಲ್ಲಿ ಒಳ್ಳೆಯದು ಯಾವುದು?"

"ಹೆಣದ್ದು, ಸರ್."

ಅವನು ತಲೆ ಎತ್ತಿ ನನ್ನನ್ನು ಒಂದು ಸಲ ನೋಡಿ, ಕಾಗದದ ಮೇಲೆ ಏನೋ ಗೀಚಿದ. ವಾರದೊಳಗೆ ಆಯ್ಕೆಯಾದ ಪತ್ರ ಬಂತು. ಯುದ್ಧ ಎಂದರೆ ಏನೆಂದು ನೋಡಿದ ಮೇಲೆ ಅನ್ನಿಸಿತು, ನನ್ನಷ್ಟು ಅರ್ಹತೆ ಆ ದಿನ ಬಂದವರಲ್ಲಿ ಯಾರಿಗೂ ಇರಲಿಲ್ಲ.

ನಮ್ಮನ್ನು ಹಾಕಿದ್ದು ಪೂರ್ವದ ಗಡಿಯ ಒಂದು ಕೆಸರಿನ ಏರ್‌ಸ್ಟ್ರಿಪ್ಪಿಗೆ. ಅಲ್ಲಿಂದ ಹೊರಡುತ್ತಿದ್ದ ನಮ್ಮ ವಿಮಾನಗಳಲ್ಲಿ ಬಂದೂಕು ಇರಲಿಲ್ಲ. ಬಂದೂಕಿನ ಭಾರವನ್ನೆಲ್ಲ ತೆಗೆದು ಪೆಟ್ರೋಲ್ ಮತ್ತು ಕ್ಯಾಮೆರಾ ತುಂಬಿಸಿದ್ದರು. ಮೂವತ್ತು ಸಾವಿರ ಅಡಿ ಎತ್ತರದಲ್ಲಿ ಒಬ್ಬನೇ ಹೋಗಿ, ವೈರಿಯ ನೆಲದ ಫೋಟೊ ತೆಗೆದು, ಸಿಕ್ಕಿಬೀಳದೆ ಬರಬೇಕು. ಕ್ಯಾಮೆರಾ ಎಂದರೆ ಕುತ್ತಿಗೆಗೆ ನೇತುಹಾಕುವ ಆಟಿಕೆ ಅಲ್ಲ, ಇಬ್ಬರು ಹಿಡಿದು ಎತ್ತಬೇಕು. ಐನೂರು ಚಿತ್ರ ಹಿಡಿಯುವ ಫಿಲ್ಮಿನ ಉರುಳೆಯೇ ಒಂದು ಹಲಸಿನಕಾಯಿಯಷ್ಟು. ಅಷ್ಟು ಎತ್ತರದ ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿ ಷಟರ್ ಅಂಟಿಕೊಳ್ಳುತ್ತದೆ, ಗಾಜಿಗೆ ಮಂಜು ಹಿಡಿಯುತ್ತದೆ. ಆದ್ದರಿಂದ ಕ್ಯಾಮೆರಾಕ್ಕೆ ವಿದ್ಯುತ್ತಿನಿಂದ ಬೆಚ್ಚಗಾಗುವ ಒಂದು ದಪ್ಪ ಅಂಗಿ ತೊಡಿಸುತ್ತಿದ್ದೆವು. ಕೆಳಗೆ ನಾವು ಬನಿಯನ್ ಕೂಡ ಬಿಚ್ಚಿ ಬೆವರು ಹಿಂಡುತ್ತ ಅದರ ಗುಂಡಿ ಹಾಕುತ್ತಿದ್ದೆವು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕೂಡ ನಾನು ಅಷ್ಟು ಜಾಗ್ರತೆಯಿಂದ ಸಿಂಗರಿಸಲಿಲ್ಲ.

ನಮ್ಮ ಸೆಕ್ಷನ್ನಿನ ದೊರೆಯ ಹೆಸರು ಪೆಂಬ್ರಿ. ಒಳ್ಳೆಯ ಮನುಷ್ಯ, ಆದರೆ ಐಸ್ ವಿಷಯದಲ್ಲಿ ಅಲ್ಲ. ಫಿಲ್ಮಿನ ಮೇಲಿನ ಲೇಪ ಬಿಸಿ ನೀರಿಗೆ ಗಂಜಿಯ ಕೆನೆಯ ಹಾಗೆ ಜಾರುತ್ತದೆ. ಆ ಊರಿನ ನೀರು ಬಾವಿಯಿಂದಲೇ ಬೆಚ್ಚಗೆ ಬರುತ್ತಿತ್ತು. ದಿನಕ್ಕೊಂದು ಲಾರಿ ಮರದ ಹೊಟ್ಟಿನಲ್ಲಿ ಹೂತು ಐಸ್ ತರುತ್ತಿತ್ತು. ನಿಯಮದ ಪ್ರಕಾರ ಅದು ಫಿಲ್ಮಿಗೆ. ರೂಢಿಯ ಪ್ರಕಾರ ಅದು ಅಧಿಕಾರಿಗಳ ಮೆಸ್ಸಿಗೆ ಹೋಗಿ, ಅಲ್ಲಿ ಗ್ಲಾಸುಗಳಿಗೆ ಸಾಕಾಗಿ ಉಳಿದ ಚೂರು ನಮಗೆ. ಒಂದು ದಿನ ಮೆಸ್ಸಿನಲ್ಲಿ ಯಾರದೋ ಹುಟ್ಟುಹಬ್ಬ. ಚೂರೂ ಉಳಿಯಲಿಲ್ಲ. ನಾನು ಇದ್ದ ನೀರಿನಲ್ಲೇ ತೊಳೆದೆ. ಫಿಲ್ಮ್ ಎತ್ತಿದರೆ ಪಾರದರ್ಶಕ ರಿಬ್ಬನ್ನು. ಚಿತ್ರಗಳೆಲ್ಲ ಟ್ಯಾಂಕಿನ ತಳದಲ್ಲಿ ಬೂದು ಲೋಳೆ.

ಪೆಂಬ್ರಿ ಬಂದು ಕೇಳಿದ, "ಮೊಂತೆರೊ, ಸೇತುವೆಯ ಫೋಟೊ ಎಲ್ಲಿ?"

"ಸೇತುವೆ ಹೋಯಿತು, ಸರ್."

"ಬಾಂಬ್ ಹಾಕದೆಯಾ?"

"ಐಸ್ ಹಾಕದೆ, ಸರ್."

ಮರುದಿನದಿಂದ ಲಾರಿ ಮೊದಲು ನಮ್ಮ ಡೇರೆಯ ಮುಂದೆ ನಿಲ್ಲತೊಡಗಿತು. ವೃತ್ತಿಜೀವನದಲ್ಲಿ ನಾನು ಮೇಲಧಿಕಾರಿಗೆ ಕೊಟ್ಟ ಅತಿ ಚಿಕ್ಕ ವರದಿ ಅದು. ಪರಿಣಾಮ ಬೀರಿದ ವರದಿಯೂ ಅದೊಂದೇ.

ನಗೆ ಅಲ್ಲಿಗೆ ಸಾಕು. ಆ ಏರ್‌ಸ್ಟ್ರಿಪ್ಪಿನಲ್ಲಿ ನಾನು ಮಾಡಿದ ಒಂದು ತಪ್ಪನ್ನು ನಗುತ್ತ ಹೇಳಲಿಕ್ಕೆ ಇವತ್ತಿಗೂ ಆಗುವುದಿಲ್ಲ. ವಿಮಾನ ಓಡುವಾಗ ಕೆಸರು ಹಾರಿ ಹೊಟ್ಟೆಯ ಕ್ಯಾಮೆರಾ ಗಾಜಿಗೆ ಬಡಿಯುತ್ತಿತ್ತು. ಅದಕ್ಕೆ ನಾವು ಗಾಜಿನ ಮೇಲೆ ಒಂದು ಕ್ಯಾನ್ವಾಸ್ ಮುಚ್ಚಿಗೆ ಕಟ್ಟಿ, ರನ್‌ವೇಯ ಒಣ ತುದಿಗೆ ಬಂದಾಗ ಬಿಚ್ಚುವುದು. ಬಿಚ್ಚುವ ಕೆಲಸ ನನ್ನದು. ಒಂದು ಬೆಳಿಗ್ಗೆ ಮಳೆ ಬರುವ ಹಾಗಿತ್ತು, ಎಲ್ಲರಿಗೂ ಅವಸರ. ನಾನು ಚಕ್ರದ ಹತ್ತಿರ ನಿಂತು ಹೆಬ್ಬೆರಳು ಎತ್ತಿದೆ. ಕೆಲ್ಲಿ ಎಂಬ ಪೈಲಟ್ ಕೈಬೀಸಿ ಹಾರಿಹೋದ. ಏಳು ಗಂಟೆ ಬಿಟ್ಟು ಬಂದ. ಬಾಲದಲ್ಲಿ ಎರಡು ತೂತು ಇತ್ತು. ಹೊಟ್ಟೆಯ ಕೆಳಗೆ ನನ್ನ ಮುಚ್ಚಿಗೆ ಕಟ್ಟಿದ ಹಾಗೆಯೇ ಇತ್ತು.

ನಾನೇ ಹೋಗಿ ಹೇಳಿದೆ. ಬೇರೆಯವರು ಹೇಳುವ ಮೊದಲು ಹೇಳಿಬಿಡಬೇಕು ಎಂಬ ಹೆದರಿಕೆಯಿಂದ ಹೇಳಿದ್ದು, ಸತ್ಯದ ಮೇಲಿನ ಪ್ರೀತಿಯಿಂದ ಅಲ್ಲ. ಕೆಲ್ಲಿ ಒಂದು ಪೆಟ್ಟಿಗೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಎರಡೂ ಕೈಯಿಂದ ಲೋಟ ಹಿಡಿದಿದ್ದ. ಲೋಟ ಕೆಳಗಿಟ್ಟ. ಆಮೇಲೆ, "ಅಂದರೆ ನಾನು ಐನೂರು ಸಲ ಒಂದೇ ಕ್ಯಾನ್ವಾಸಿನ ಫೋಟೊ ತೆಗೆದೆ," ಎಂದ. "ಹೌದು ಸರ್." "ಸ್ಪಷ್ಟವಾಗಿ ಬಂದಿದೆಯಾ?" ನಾನು ಹೋಗಿ ಮುಚ್ಚಿಗೆ ಬಿಚ್ಚಿದೆ. ಮರುದಿನ ಅವನು ಅದೇ ದಾರಿಯಲ್ಲಿ ಮತ್ತೆ ಹೋದ. ಆ ಏಳು ಗಂಟೆ ನಾನು ರನ್‌ವೇಯ ತುದಿಯಲ್ಲೇ ನಿಂತಿದ್ದೆ. ಊಟಕ್ಕೆ ಕರೆದವರಿಗೆ ಬಾಯಿಗೆ ಬಂದದ್ದು ಬೈದೆ. ಅವನು ಬಂದಿಳಿದ. ಆ ದಿನ ನಾನು ಮಾಡಿದ ಹರಕೆಗಳನ್ನೆಲ್ಲ ಊರಿನ ಇಗರ್ಜಿಯಲ್ಲಿ ತೀರಿಸಲಿಕ್ಕೆ ಐದು ವರ್ಷ ಹಿಡಿಯಿತು.

ಇಷ್ಟೆಲ್ಲ ಆದ ಮೇಲೆ ನಾನು ತಪ್ಪು ಒಪ್ಪಿಕೊಳ್ಳುವ ಮನುಷ್ಯನಾದೆ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು. ಆಮೇಲೆ ಕಚೇರಿಗೆ ಸೇರಿದೆ.

ಯುದ್ಧ ಮುಗಿದ ಮೇಲೆ ಅವೇ ಕ್ಯಾಮೆರಾಗಳು, ಅವೇ ಹಳೆ ವಿಮಾನಗಳು, ಸೈನ್ಯದವರು ಬಿಸಾಡಿದ ಅವಧಿ ಮೀರಿದ ಫಿಲ್ಮ್, ಜೊತೆಗೆ ಅವಧಿ ಮೀರಿದ ನಾನು, ಎಲ್ಲರೂ ಸೇರಿ ಮದರಾಸಿನ ಕಡೆಯ ಒಂದು ಸರ್ವೆ ಕಚೇರಿಯಲ್ಲಿ ಜಮೆಯಾದೆವು. ಮೊದಲು ವೈರಿಯ ನೆಲದ ಫೋಟೊ, ಈಗ ನಮ್ಮದೇ ನೆಲದ್ದು. ವ್ಯತ್ಯಾಸ ಇಷ್ಟೆ: ವೈರಿ ಗುಂಡು ಹಾರಿಸುತ್ತಿದ್ದ, ನಮ್ಮವರು ಅರ್ಜಿ ಹಾಕುತ್ತಿದ್ದರು. ಎಷ್ಟು ಎತ್ತರ ಹಾರಿದರೆ ಅಷ್ಟು ದೊಡ್ಡ ಜಾಗ ಒಂದೇ ಚಿತ್ರದಲ್ಲಿ ಸಿಗುತ್ತದೆ, ಫಿಲ್ಮ್ ಉಳಿಯುತ್ತದೆ. ಹಾಗಾಗಿ ಶಾಂತಿಯ ಕಾಲದಲ್ಲೂ ನಾವು ಯಾರಿಗೋ ಹೆದರಿದವರ ಹಾಗೆ ಮೂವತ್ತು ಸಾವಿರ ಅಡಿ ಮೇಲೆಯೇ ಹಾರಿದೆವು.

ನಕ್ಷೆ ವಿಭಾಗದ ಮುಖ್ಯಸ್ಥರು ವರದಾಚಾರಿಗಳು. ಹಣೆಯ ನಾಮದಷ್ಟೇ ನೇರವಾದ ಗೆರೆ ಎಳೆಯುವವರು. "ನೆಲ ಸುಳ್ಳು ಹೇಳಬಹುದು ಮೊಂತೆರೊ, ಫೋಟೊ ಹೇಳುವುದಿಲ್ಲ" ಎಂಬುದು ಅವರ ದಿನನಿತ್ಯದ ಮಂತ್ರ. ಅವರಿಗೆ ಇನ್ನೊಂದು ಹೆಮ್ಮೆ ಇತ್ತು: ನಮ್ಮ ವಿಭಾಗದ ದೋಷದ ಪುಸ್ತಕ ಯಾವಾಗಲೂ ಖಾಲಿ. ಯಾವ ಚಿತ್ರದಲ್ಲಿ ಗೀರು, ಯಾವುದರಲ್ಲಿ ಕಲೆ ಎಂದು ಬರೆಯಲಿಕ್ಕೆ ಇದ್ದ ಪುಸ್ತಕ ಅದು. ನಾನು ಸೇರಿದ ಹೊಸತರಲ್ಲಿ ಹತ್ತಿಪ್ಪತ್ತು ದೋಷ ಬರೆದುಕೊಟ್ಟೆ. ಪ್ರತಿ ಸಲವೂ ಅವರು "ಸರಿಯಾಗಿ ನೋಡಿ" ಎಂದು ಕೆಂಪು ಶಾಯಿಯಲ್ಲಿ ಬರೆದು ವಾಪಸು ಕಳಿಸಿದರು. ನಾನು ಸರಿಯಾಗಿ ನೋಡಲು ಕಲಿತೆ. ಅಂದರೆ ನೋಡದೆ ಇರಲು ಕಲಿತೆ.

ಒಂದು ವರ್ಷ ನಮ್ಮ ಮಂಜೇಶ್ವರದ ಕಡೆಯ ಫಿಲ್ಮ್ ಬಂತು. ಹುಟ್ಟೂರನ್ನು ಟ್ಯಾಂಕಿನಲ್ಲಿ ಅದ್ದಿ ತೆಗೆಯುವ ಭಾಗ್ಯ ಎಷ್ಟು ಜನರಿಗೆ ಸಿಗುತ್ತದೆ! ಪೈವಳಿಕೆಯ ಮೂಡು ಬದಿಯ ಒಂದು ಪದವಿನ, ಅಂದರೆ ಬೋಳು ಗುಡ್ಡದ ಬಯಲಿನ, ಚಿತ್ರದಲ್ಲಿ ಒಂದು ಗುರುತು ಕಂಡಿತು. ಎರಡು ಅಂಗುಲ ಉದ್ದ, ಐದು ಕವಲು, ಎಲೆ ಉದುರಿದ ಮರದ ಹಾಗೆ. ನೋಡಿದ ಕೂಡಲೇ ಗೊತ್ತಾಯಿತು. ಚಳಿಗಾಲದಲ್ಲಿ ಉಣ್ಣೆಯ ಕಂಬಳಿ ಎಳೆದರೆ ಚಟಚಟ ಕಿಡಿ ಹಾರುವುದಿಲ್ಲವೇ? ಮೇಲಿನ ಒಣ ಚಳಿಯಲ್ಲಿ ಫಿಲ್ಮ್ ಬೇಗ ಸುತ್ತಿದರೆ ಹಾಗೆಯೇ ಕಿಡಿ ಹುಟ್ಟಿ ಫಿಲ್ಮಿನ ಮೇಲೆ ತನ್ನದೇ ಚಿತ್ರ ಬರೆಯುತ್ತದೆ. ನಾವು ಕೆಲಸದವರು ಅದನ್ನು ಮಿಂಚು ಎನ್ನುತ್ತಿದ್ದೆವು. ಮಿಂಚು ನೆಗೆಟಿವಿನಲ್ಲಿ ಕಪ್ಪು, ಪ್ರಿಂಟ್ ಹಾಕಿದರೆ ಬಿಳಿ. ದೋಷದ ಪುಸ್ತಕದ ಕಡೆ ಒಂದು ಸಲ ನೋಡಿದೆ. ಕೆಂಪು ಶಾಯಿ ನೆನಪಾಯಿತು. ಫಿಲ್ಮನ್ನು ಒಣಗಲು ಹಾಕಿ ಊಟಕ್ಕೆ ಹೋದೆ.

ಬೇಸಗೆಯಲ್ಲಿ ಬತ್ತಿದ ಹೊಳೆಯ ಮರಳು ಕೂಡ ಪ್ರಿಂಟಿನಲ್ಲಿ ಬಿಳಿಯಾಗಿಯೇ ಕಾಣುತ್ತದೆ. ನಕ್ಷೆ ಬರೆಯುವವನು ಐದು ಕವಲಿನ ಒಂದು ಹೊಳೆ ಬರೆದ. ಪಕ್ಕದ ಚಿತ್ರದ ಜೊತೆ ಹೋಲಿಸಿ ನೋಡಬೇಕಿತ್ತು. ಆ ಚಿತ್ರದಲ್ಲಿ ಅದೇ ಜಾಗದ ಮೇಲೆ ಮೋಡ ಕುಳಿತಿತ್ತು. ವರದಾಚಾರಿಗಳು ಸಹಿ ಹಾಕಿದರು. ನಕ್ಷೆ ಒಬ್ಬ ಎಂಜಿನಿಯರರ ಮೇಜಿಗೆ ಹೋಯಿತು. ಅಣೆಕಟ್ಟು ಕಟ್ಟಲಿಕ್ಕೆ ಜಾಗ ಹುಡುಕುತ್ತಿದ್ದ ಅವರಿಗೆ, ಐದು ಹೊಳೆ ಒಂದೇ ಕಡೆ ಸೇರುವುದನ್ನು ನೋಡಿ, ದೇವರೇ ಅವರ ಹೆಸರು ಬರೆದು ಇಟ್ಟ ಹಾಗೆ ಕಂಡಿತು.

ಈ ವಿಷಯ ಯಾವುದೂ ನನಗೆ ಗೊತ್ತಿರಲಿಲ್ಲ. ಮಾರ್ಚ್ ತಿಂಗಳಲ್ಲಿ ವರದಾಚಾರಿಗಳು ಕರೆದು, "ನಿಮಗೆ ತುಳು ಬರುತ್ತದಲ್ಲ, ಎಂಜಿನಿಯರರ ಜೊತೆ ಹೋಗಿ ಬನ್ನಿ, ಸ್ಥಳ ತೋರಿಸಿ" ಎಂದರು. ಸರ್ಕಾರಿ ಖರ್ಚಿನಲ್ಲಿ ಊರಿಗೆ ಹೋಗುವ ಖುಷಿಯಲ್ಲಿ ನಾನು ಯಾವ ಸ್ಥಳ ಎಂದೂ ಕೇಳಲಿಲ್ಲ.

ಉಪ್ಪಳದಲ್ಲಿ ಇಳಿದು ಜೀಪಿನಲ್ಲಿ ಪದವು ಹತ್ತಿದೆವು. ಕೆಂಪು ಮುರಕಲ್ಲಿನ ಬಯಲು. ಹುಲ್ಲು ಒಣಗಿ ಕಲ್ಲು ಬಾಣಲೆಯ ಹಾಗೆ ಕಾದಿತ್ತು. ಎಂಜಿನಿಯರರು ನಕ್ಷೆಯನ್ನು ಬಾನೆಟ್ಟಿನ ಮೇಲೆ ಹರಡಿ, "ನಾವು ಈಗ ಹೊಳೆಯ ಮಧ್ಯದಲ್ಲಿ ಇದ್ದೇವೆ," ಎಂದರು. ಸುತ್ತ ನೋಡಿದೆ. ಒಂದು ಓತಿಕ್ಯಾತ ಕಲ್ಲಿನ ಮೇಲೆ ಕುಳಿತು ನಮ್ಮನ್ನೇ ನೋಡುತ್ತಿತ್ತು. ಮುಳುಗುವ ಲಕ್ಷಣ ಅದಕ್ಕೂ ಇರಲಿಲ್ಲ.

ಜೀಪು ಇಳಿಸಿಕೊಂಡು ಬಂದರೆ, ಪದವಿನ ಬುಡದಲ್ಲಿ ಹಲಸು, ಗೇರು ಮರಗಳ ನೆರಳಿನಲ್ಲಿ ಹನ್ನೊಂದು ಹುಲ್ಲಿನ ಮನೆಗಳಿದ್ದವು. ಮೇಲಿನಿಂದ ಮರ ಕಾಣುತ್ತದೆ, ಮನೆ ಕಾಣುವುದಿಲ್ಲ. ಫೋಟೊದಲ್ಲಿ ಮನೆ ಇಲ್ಲ, ಆದ್ದರಿಂದ ಜನ ಇಲ್ಲ, ಜನ ಇಲ್ಲದ ಮೇಲೆ ಆಕ್ಷೇಪಣೆ ಎಲ್ಲಿಂದ? ಕಡತದಲ್ಲಿ ಹಾಗೆಯೇ ಬರೆದಿತ್ತು. ಆಮೇಲೆ ಯಾರೋ ಗುಟ್ಟಾಗಿ ಹೇಳಿರಬೇಕು, ಜನ ಇದ್ದಾರೆ ಎಂದು. ಇರದ ಜನರಿಗೆ ಖಾಲಿ ಮಾಡಿ ಎಂದು ನೋಟೀಸು ಹೋಗಿತ್ತು. ಗಡಿಗಲ್ಲು ನೆಟ್ಟಾಗಿತ್ತು. ಮೂರು ಮನೆಯವರು ಆಗಲೇ ಛಾವಣಿ ಬಿಚ್ಚಿ, ಪಾತ್ರೆ ಹೊತ್ತು ಘಟ್ಟದ ಕಾಫಿ ತೋಟಗಳಿಗೆ ಹೋಗಿಬಿಟ್ಟಿದ್ದರು.

ಉಳಿದವರಲ್ಲಿ ದೇಯಕ್ಕ ಎಂಬ ಹೆಂಗಸು ಮಾತಿಗೆ ಮುಂದೆ ಬಂದರು. ಅವರ ಗಂಡ ಐತಪ್ಪ ಸುರಂಗ ಕೊರೆಯುವವರು. ನಮ್ಮ ಕಡೆ ಬಾವಿಗೆ ನೀರು ಸಿಗದ ಜಾಗದಲ್ಲಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಆಳು ಬಗ್ಗಿ ಹೋಗುವಷ್ಟು ಎತ್ತರದ ಸುರಂಗ ತೋಡಿ, ಒಳಗಿನ ಒರತೆಯನ್ನು ಹೊರಗೆ ಹರಿಸಿಕೊಳ್ಳುತ್ತಾರೆ. ಐತಪ್ಪ ಎರಡು ಬೇಸಗೆಯಿಂದ ಒಂದನ್ನು ಕೊರೆಯುತ್ತಿದ್ದರು. ಗಡಿಗಲ್ಲು ನೆಟ್ಟ ದಿನ ಪಿಕ್ಕಾಸು ಕೆಳಗಿಟ್ಟವರು ಮತ್ತೆ ಮುಟ್ಟಿರಲಿಲ್ಲ. ಅಂಗಳದ ಮೂಲೆಯಲ್ಲಿ ಮಾತಿಲ್ಲದೆ ಕುಳಿತಿದ್ದರು.

"ಪೊರ್ಬುಗಳೇ," ಎಂದರು ದೇಯಕ್ಕ. ನಮ್ಮ ಕಡೆ ಕ್ರಿಸ್ತುವರನ್ನು ಹಾಗೆಯೇ ಕರೆಯುವುದು. "ಈ ಸಾಯಿಬ್ರು ಹುಡುಕುವುದು ಎಂತ?"

"ಹೊಳೆ, ಅಕ್ಕ."

"ಹೊಳೆಯಾ? ಇಲ್ಲಿಯಾ?" ಅವರು ಗಂಡನ ಕಡೆ ತಿರುಗಿದರು. "ಕೇಳಿದಿರಾ? ಹೊಳೆ ಉಂಟಂತೆ. ನೀವು ಎರಡು ವರ್ಷ ಇಲಿಯ ಹಾಗೆ ಗುಡ್ಡ ಕೊರೆದದ್ದು ಎಂತಕ್ಕೆ ಮಾರಾಯ್ರೆ? ಮೇಲೆ ಹೋಗಿ ಕೊಡಪಾನ ಅದ್ದಿದರೆ ಆಗುತ್ತಿತ್ತಲ್ಲ!"

ನಾನು ಇದನ್ನು ಸ್ವಲ್ಪ ಮೆದು ಮಾಡಿ ಎಂಜಿನಿಯರರಿಗೆ ಹೇಳಿದೆ. ಅವರು ತಾಳ್ಮೆಯಿಂದ, "ಇದು ಬೇಸಗೆ. ಮಳೆಗಾಲದಲ್ಲಿ ಬರುತ್ತದೆ ಎಂದು ತಿಳಿಸಿ," ಎಂದರು. ದೇಯಕ್ಕ ಬಾನೆಟ್ಟಿನ ಮೇಲಿದ್ದ ನಕ್ಷೆಯನ್ನು ನೋಡಿ ಯಾವುದು ಪದವು, ಯಾವುದು ತಗ್ಗು ಎಂದು ನನ್ನಿಂದ ಕೇಳಿ ತಿಳಿದುಕೊಂಡರು. ನೀಲಿ ಗೆರೆಯ ಮೇಲೆ ಬೆರಳು ಓಡಿಸಿದರು. ಬೆರಳು ತಗ್ಗಿನಿಂದ ಹೊರಟು, ಗುಡ್ಡದ ನೆತ್ತಿ ದಾಟಿ, ಆಚೆ ಬದಿಗೆ ಇಳಿಯಿತು.

"ನಿಮ್ಮ ಹೊಳೆ ಗುಡ್ಡ ಹತ್ತಿ ಇಳಿಯುತ್ತದಾ ಪೊರ್ಬುಗಳೇ? ಅದಕ್ಕೆ ಕಾಲು ಉಂಟಾ?"

ಐದು ಕವಲು. ಎಲೆ ಉದುರಿದ ಮರ. ಅದು ನನ್ನ ಹೊಳೆ. ಒಣಗಲು ಹಾಕಿ ಊಟಕ್ಕೆ ಹೋದದ್ದು ನಾನು.

ಆಗಲೇ ಹೇಳಿದೆನೇ? ಇಲ್ಲ. ಮೂರು ದಿನ ಎಂಜಿನಿಯರರ ಹಿಂದೆ ಆ ಕಲ್ಲಿನ ಮೇಲೆ ನಡೆದು, ಇಲ್ಲದ ಹೊಳೆಯ ದಡ ಅಳೆಯಲಿಕ್ಕೆ ಟೇಪು ಹಿಡಿದೆ. ಹೇಳಿದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ. ಕುಂಜತ್ತೂರಿನ ನಮ್ಮ ಮನೆಯಲ್ಲಿ ಹೆಂಡತಿ ಐರಿನ್ ನನಗೆ ಮೀನು ಬಡಿಸುತ್ತ, "ಎಂತ, ಮುಖ ಹೀಗೆ ಉಂಟಲ್ಲ?" ಎಂದಳು. ಎಲ್ಲ ಹೇಳಿದೆ. ಅವಳು ಸೌಟು ಕೆಳಗಿಟ್ಟು ಒಂದೇ ಮಾತು ಕೇಳಿದಳು. "ಆ ಮೂರು ಮನೆಯವರು ಘಟ್ಟಕ್ಕೆ ಹೋಗುವಾಗ ಮಕ್ಕಳು ಇದ್ದರಾ?" ತಟ್ಟೆ ಬದಿಗೆ ಸರಿಸಿ ಎದ್ದೆ. ಮರುದಿನದ ರೈಲು ಹಿಡಿದೆ.

ಕಚೇರಿಯಲ್ಲಿ ಆ ಉರುಳೆ ಹುಡುಕಿ, ನೆಗೆಟಿವನ್ನು ದೀಪದ ಮೇಜಿನ ಮೇಲೆ ಹರಡಿ, ವರದಾಚಾರಿಗಳನ್ನು ಕರೆದೆ. ಪ್ರಿಂಟುಗಳ ಅಂಚನ್ನು ನಾವು ಕತ್ತರಿಸಿ ಚಂದ ಮಾಡುತ್ತೇವೆ. ನೆಗೆಟಿವಿನಲ್ಲಿ ಅಂಚು ಇರುತ್ತದೆ. ಚಿತ್ರ ಮುಗಿದ ಮೇಲೆ, ಬೆಳಕೇ ಬೀಳದ ಖಾಲಿ ಬದಿಗೂ ನಮ್ಮ ಹೊಳೆಯ ಒಂದು ಕವಲು ಆರಾಮವಾಗಿ ಹರಿದು ಹೋಗಿತ್ತು. ಭೂಮಿಯ ಮೇಲಿನ ಯಾವ ಹೊಳೆಯೂ ಫಿಲ್ಮಿನ ಅಂಚಿಗೆ ಹರಿಯುವುದಿಲ್ಲ.

ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಇದನ್ನು ತೊಳೆದದ್ದು ಯಾರು?"

"ನಾನು, ಸರ್."

"ಆಗ ನೋಡಿರಲಿಲ್ಲವೇ?"

"ನೋಡಿದ್ದೆ."

"ಯಾಕೆ ಬರೆಯಲಿಲ್ಲ?"

"ಬರೆದರೆ ನಿಮಗೆ ಬೇಸರವಾಗುತ್ತಿತ್ತು, ಸರ್."

ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. "ಈಗ ನನಗೆ ಬಹಳ ಸಂತೋಷವಾಗಿದೆ ಎಂದುಕೊಂಡಿರಾ?" ಎಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ಖಾಲಿ ಪುಸ್ತಕ ಯಾಕೆ ಖಾಲಿ ಎಂದು ಅವರಿಗೆ ಆ ಕ್ಷಣ ಹೊಳೆದಿರಬೇಕು. ಮುಖ ಒಮ್ಮೆಲೇ ಮುದುಕರದಾಯಿತು.

ನಾನು ತಪ್ಪೊಪ್ಪಿಗೆ ಬರೆದುಕೊಟ್ಟೆ. ಹೊಳೆ ಅಳಿಸುವುದು ನಿಮಿಷದ ಕೆಲಸ, ಒಂದು ರಬ್ಬರ್ ಸಾಕು ಎಂದು ನಾನು ತಿಳಿದಿದ್ದೆ. ಮೇಲಿನವರು ಒಪ್ಪಲಿಲ್ಲ. ಒಂದು ಹೊಳೆ ತಪ್ಪು ಎಂದಾದರೆ ಆ ನಕ್ಷೆಯ ಹಾಳೆಯ ಉಳಿದ ಹೊಳೆಗಳನ್ನು ಯಾರು ನಂಬುತ್ತಾರೆ? ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತ ಇಡೀ ಮಳೆಗಾಲ ಕಳೆಯಿತು. ಕೊನೆಗೆ ದಾರಿ ತೋರಿಸಿದವರು ವರದಾಚಾರಿಗಳೇ. "ಸ್ಥಳ ಪರಿಶೀಲನೆಯಲ್ಲಿ ಸದರಿ ಹೊಳೆಯು ಶಾಶ್ವತವಾಗಿ ಬತ್ತಿರುವುದು ಕಂಡುಬಂದಿದೆ" ಎಂದು ಒಂದು ವಾಕ್ಯ ಬರೆದರು. ಎಲ್ಲರಿಗೂ ಒಪ್ಪಿಗೆಯಾಯಿತು. ಹೊಳೆ ಬರೆದವರ ತಪ್ಪಿಲ್ಲ, ನಂಬಿದವರ ತಪ್ಪಿಲ್ಲ, ತಪ್ಪೆಲ್ಲ ಹೊಳೆಯದ್ದು. ಅಣೆಕಟ್ಟಿನ ಯೋಜನೆ ಕೈಬಿಟ್ಟರು. ನನ್ನನ್ನು ಫಿಲ್ಮ್ ಕೋಣೆಯಿಂದ ಎಬ್ಬಿಸಿ ಹಳೆ ಕಡತಗಳ ಕೋಣೆಗೆ ಹಾಕಿದರು. ಅಲ್ಲಿ ಗೆದ್ದಲು ನನಗಿಂತ ಹಿರಿಯ ನೌಕರ.

ಖಾಲಿ ಮಾಡಿ ಎಂಬ ನೋಟೀಸು ಜೀಪಿನಲ್ಲಿ ಬರುತ್ತದೆ. ಮಾಡಬೇಡಿ ಎಂಬುದು ಅಂಚೆಯಲ್ಲಿ, ಅದೂ ಬಂದರೆ ಬಂತು. ಮುಂದಿನ ಈಸ್ಟರಿಗೆ ರಜೆಯಲ್ಲಿ ಊರಿಗೆ ಬಂದವನು ಒಂದು ಮಧ್ಯಾಹ್ನ ಆ ಪದವಿಗೆ ನಡೆದೆ. ಅವರಿಗೆ ಯಾವ ಕಾಗದವೂ ತಲುಪಿರಲಿಲ್ಲ. ಇನ್ನೂ ಎರಡು ಮನೆ ಖಾಲಿಯಾಗಿತ್ತು.

ದೇಯಕ್ಕನ ಅಂಗಳದಲ್ಲಿ ನಿಂತು ಎಲ್ಲ ಹೇಳಿದೆ. ಮಿಂಚು, ಫಿಲ್ಮು, ದೋಷದ ಪುಸ್ತಕ, ಊಟಕ್ಕೆ ಹೋದದ್ದು. ಹೇಳುತ್ತ ಹೇಳುತ್ತ ನನಗೇ ಅದು ಮಕ್ಕಳ ಕಥೆಯ ಹಾಗೆ ಕೇಳಿಸಿತು. ಐತಪ್ಪ ಮೊದಲ ಸಲ ಬಾಯಿ ತೆರೆದರು.

"ಅಂದರೆ ನಾವು ಹೋಗಬೇಕಾಗಿಲ್ಲ?"

"ಬೇಕಾಗಿಲ್ಲ ಐತಪ್ಪಣ್ಣ."

"ಮೊದಲೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

ಅವರು ಎದ್ದು ಸುರಂಗದ ಕಡೆ ನಡೆದರು. ನಾನೂ ಹಿಂದೆ ಹೋದೆ. ನೋಡುವವರಿಲ್ಲದೆ ಒಂದು ಮಳೆಗಾಲ ಕಳೆದು ಬಾಯಿಯ ಹತ್ತಿರ ಮಣ್ಣು ಕುಸಿದು ಮುಚ್ಚಿಹೋಗಿತ್ತು. ಎರಡು ಬೇಸಗೆಯ ಕೆಲಸ. ಏನು ಹೇಳಬೇಕೆಂದು ತಿಳಿಯದೆ, "ತಪ್ಪಾಯಿತು" ಎಂದೆ. ದೇಯಕ್ಕ ಒಳಗೆ ಹೋಗಿ ಮಣ್ಣು ಹೊರುವ, ಅಡಿಕೆ ಹಾಳೆಯ ಒಂದು ಪಡಿಗೆ ತಂದು ನನ್ನ ಕಾಲಿನ ಹತ್ತಿರ ಇಟ್ಟರು.

"ತಪ್ಪಾಯಿತು ಅಂದರೆ ಮಣ್ಣು ಹೊರಗೆ ಬರುತ್ತದಾ ಪೊರ್ಬುಗಳೇ? ಹೊಳೆ ಬರೆದದ್ದು ನೀವಲ್ವಾ? ಹೊರಿ."

ಹೊತ್ತೆ. ಇಡೀ ರಜೆ ಹೊತ್ತೆ. ಬೆಳಿಗ್ಗೆ ಕುಂಜತ್ತೂರಿನಿಂದ ಉಪ್ಪಳಕ್ಕೆ, ಅಲ್ಲಿಂದ ಸಿಕ್ಕಿದ ಗಾಡಿಯಲ್ಲಿ ಪದವಿನ ಬುಡಕ್ಕೆ. ಐತಪ್ಪ ಒಳಗೆ ಮೊಣಕಾಲೂರಿ ಅಗೆಯುವುದು, ನಾನು ಬಗ್ಗಿಕೊಂಡೇ ಮಣ್ಣು ಹೊರಗೆ ಎಳೆಯುವುದು. ಗಾಳಿ ಉಂಟೇ ಎಂದು ನೋಡಲಿಕ್ಕೆ ಒಂದು ಮೊಂಬತ್ತಿ. ಅದರ ಉರಿ ಸಣ್ಣದಾದರೆ ಇಬ್ಬರೂ ಹೊರಗೆ. ಸೊಂಟ ಹಿಡಿಯಿತು, ಅಂಗೈಗೆ ಬೊಕ್ಕೆ ಬಂತು. ಐರಿನ್ ಎಣ್ಣೆ ಹಚ್ಚುತ್ತ, "ಇಷ್ಟು ವರ್ಷ ಕೆಲಸ ಮಾಡಿದೆ ಅಂತ ಹೇಳುತ್ತಿದ್ದಿರಲ್ಲ, ಈಗ ಗೊತ್ತಾಯಿತಾ ಕೆಲಸ ಅಂದರೆ ಎಂತ ಅಂತ?" ಎಂದಳು.

ಕುಸಿದ ಮಣ್ಣು ತೆಗೆದು ಹಳೆಯ ತುದಿ ಮುಟ್ಟಿದೆವು. ಅಲ್ಲಿಂದ ಮುಂದೆ ಮುರಕಲ್ಲು ಮುಗಿದು ಬಿಳಿಯ ಮೆತ್ತನೆ ಜೇಡಿ ಸಿಕ್ಕಿತು. ರಜೆ ಮುಗಿಯಲು ಎರಡು ದಿನ ಇರುವಾಗ, ಒಂದು ಬೆಳಿಗ್ಗೆ, ಪಿಕ್ಕಾಸಿನ ಸದ್ದು ಬದಲಾಯಿತು. ಐತಪ್ಪ ಕೈ ಎತ್ತಿ ನಿಲ್ಲಿ ಎಂದರು. ಗೋಡೆಗೆ ಅಂಗೈ ಒತ್ತಿ, ಆಮೇಲೆ ನನ್ನ ಅಂಗೈ ಹಿಡಿದು ಅದೇ ಜಾಗಕ್ಕೆ ಒತ್ತಿದರು. ಒದ್ದೆ. ತಣ್ಣಗೆ. ನೋಡುತ್ತಿದ್ದ ಹಾಗೆ ಬೆರಳುಗಳ ಸಂದಿನಿಂದ ಒಂದು ಹನಿ, ಅದರ ಹಿಂದೆ ಇನ್ನೊಂದು, ಆಮೇಲೆ ದಾರದ ಹಾಗೆ ಎಡೆಬಿಡದೆ ಇಳಿಯತೊಡಗಿತು. ಕಡು ಬೇಸಗೆಯಲ್ಲಿ, ಬಾವಿಗಳೆಲ್ಲ ಕೆಸರಾಗುವ ತಿಂಗಳಲ್ಲಿ ಬಂದ ನೀರು ಅದು. ಐತಪ್ಪ ನಗಲಿಲ್ಲ, ಅಳಲಿಲ್ಲ. ಗೋಡೆಗೆ ಹಣೆ ತಾಗಿಸಿ ಕುಳಿತರು.

ಸಂಜೆಗೆ ಬಾಯಿಯ ಹತ್ತಿರದ ಗುಂಡಿಯಲ್ಲಿ ಒಂದು ಕೊಡದಷ್ಟು ನೀರು ನಿಂತಿತ್ತು. ದೇಯಕ್ಕ ಮೇಲಿನ ತಿಳಿ ತೆಗೆದು ಮೊದಲು ನನಗೆ ಕೊಟ್ಟರು. ಕುಡಿಯುತ್ತಿರುವಾಗ ಐತಪ್ಪ ಕೇಳಿದರು.

"ಪೊರ್ಬುಗಳೇ, ಇದು ನಿಮ್ಮ ವಿಮಾನದ ಫೋಟೊದಲ್ಲಿ ಕಾಣುತ್ತದಾ?"

"ಇಲ್ಲ ಐತಪ್ಪಣ್ಣ. ನೆಲದ ಒಳಗಿನದ್ದು ಅದಕ್ಕೆ ಕಾಣುವುದಿಲ್ಲ."

"ನೀವು ಹೇಳಿದರೆ ನಕ್ಷೆಯಲ್ಲಿ ಬರೆಯುತ್ತಾರಾ?"

"ಬರೆಯಬಹುದು."

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. "ಹಾಗಾದರೆ ಹೇಳಬೇಡಿ ಮಾರಾಯ್ರೆ," ಎಂದರು ದೇಯಕ್ಕ.

ರಜೆ ಮುಗಿಸಿ ಹೋದ ಕೆಲವು ತಿಂಗಳಿಗೆ ಕಡತಗಳ ಕೋಣೆಗೆ ಒಂದು ಫಾರಂ ಬಂತು. ಬತ್ತಿದ ಹೊಳೆಯ ಆ ಹಾಳೆಯನ್ನು ಹೊಸದಾಗಿ ಅಚ್ಚು ಹಾಕಿಸುವವರಿದ್ದರು. ಆ ಊರು ಬಲ್ಲವರು ತುಂಬಿಸಿ ಕೊಡಬೇಕಂತೆ. 'ಈ ಪ್ರದೇಶದಲ್ಲಿ ಬೇರೆ ಯಾವುದಾದರೂ ನೀರಿನ ಮೂಲ ಇದೆಯೇ?' ಪೆನ್ನಿಗೆ ಶಾಯಿ ತುಂಬಿಸಿ, 'ಇಲ್ಲ' ಎಂದು ಸ್ಪಷ್ಟವಾಗಿ ಬರೆದು, ಕೆಳಗೆ ಪೂರ್ತಿ ಹೆಸರು ಹಾಕಿದೆ. ಸರ್ಕಾರಿ ಕಾಗದದ ಮೇಲೆ ಗೊತ್ತಿದ್ದೂ ನಾನು ಬರೆದ ಸುಳ್ಳು ಅದೊಂದೇ. ತಪ್ಪೊಪ್ಪಿಗೆ ಕೇಳುವ ಪಾದ್ರಿಯವರ ಹತ್ತಿರ ಇವತ್ತಿನವರೆಗೂ ಅದನ್ನು ಹೇಳಿಲ್ಲ.